ಕರಡು ಕೋಣೆಯ ವಿರಾಮಕ್ಕ

ಆ ಮುದ್ರಣಾಲಯದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಹಾಜರಿ ಗುಮಾಸ್ತರೊಬ್ಬರೇ. ಮಿಕ್ಕವರಿಗೆಲ್ಲ ಅವಳು ವಿರಾಮಕ್ಕ. ಹಾಗಂತ ಅವಳು ಒಂದು ದಿನವೂ ಕಾಲು ಚಾಚಿ ಕೂತದ್ದನ್ನು ಕಂಡವರಿಲ್ಲ. ಹೆಸರು ಬಂದದ್ದು ಅವಳ ಕೆಲಸದಿಂದ. ಅವಳ ಕೆಲಸ ಗಟ್ಟಿಯಾಗಿ ಓದುವುದು. ಬರೆದವರ ಕೈಬರಹದ ಪ್ರತಿಯನ್ನು ಅವಳು ಓದಬೇಕು. ಎದುರಿಗೆ ಕೂತ ಕರಡು ತಿದ್ದುವವರು ಅಚ್ಚಿನ ಹಾಳೆಯನ್ನು ಅದಕ್ಕೆ ತಾಳೆ ನೋಡುತ್ತ ಹೋಗಬೇಕು. ಬರೀ ಮಾತು ಓದಿದರೆ ಸಾಲದು. ಅಲ್ಪವಿರಾಮ, ಅರ್ಧವಿರಾಮ, ಪೂರ್ಣವಿರಾಮ, ಆವರಣ ಶುರು, ಆವರಣ ಮುಗೀತು, ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಓದಿ ಓದಿ ಅದು ನಾಲಿಗೆಗೆ ಅಂಟಿಕೊಂಡಿತ್ತು. ಒಂದು ಸಲ ಮನೆಯಲ್ಲಿ ತಂಗಿಯ ಜತೆ ಜಗಳವಾಡುತ್ತ, "ನಿನಗೆ ಬುದ್ಧಿ ಇಲ್ಲ ಅಲ್ಪವಿರಾಮ ನಾಚಿಕೇನೂ ಇಲ್ಲ ಪೂರ್ಣವಿರಾಮ" ಅಂದುಬಿಟ್ಟಳು. ತಂಗಿಗೆ ನಗು ತಡೆಯಲಾಗದೆ ಜಗಳ ಅಲ್ಲೇ ಮುರಿದುಬಿತ್ತು. ಆ ತಂಗಿಯೇ ಊಟದ ಡಬ್ಬಿ ಕೊಡಲು ಬಂದಾಗ ಬೈಂಡಿಂಗ್ ವಿಭಾಗದ ಹೆಂಗಸರಿಗೆ ಇದನ್ನು ಹೇಳಿದ್ದು. ಅಲ್ಲಿಂದಾಚೆ ಅವಳು ವಿರಾಮಕ್ಕ.

ಎದುರಿಗೆ ಕೂರುತ್ತಿದ್ದವರಿಗೂ ಹೆಸರಿತ್ತು, ಆದರೆ ಅದೂ ಹಾಜರಿ ಪುಸ್ತಕದಲ್ಲೇ ಉಳಿದಿತ್ತು. ಕರಡು ತಿದ್ದುವವರಾದ್ದರಿಂದ ಮೊದಲು ಕರಡು ಮಾಸ್ತರು. ಕಿವಿಯ ಮೇಲೆಲ್ಲ ಕೂದಲು, ಯಾರು ಬಾಗಿಲು ತಟ್ಟಿದರೂ ಒಂದು ಗುರುಗುಟ್ಟು, ಹಾಗಾಗಿ ಆರು ತಿಂಗಳಲ್ಲಿ ಕರಡಿ ಮಾಸ್ತರು. ಅವರಿಗೂ ಅದು ಗೊತ್ತಿತ್ತು. ಹೊಸದಾಗಿ ಸೇರಿದವರು ಬಂದು "ಕರಡಿ ಮಾಸ್ತರು ಇದಾರಾ?" ಅಂತ ಅವರನ್ನೇ ಕೇಳಿದರೆ, "ಗುಹೆಯಲ್ಲೇ ಇದಾರೆ, ಹಾಳೆ ಇಟ್ಟು ಹೋಗಿ" ಅನ್ನುತ್ತಿದ್ದರು.

ಗುಹೆ ಅನ್ನುವಂತೆಯೇ ಇತ್ತು ಆ ಕೋಣೆ. ಒಂದು ಮೇಜು, ಎರಡು ಕುರ್ಚಿ, ಕಾಗದದ ಉಗ್ರಾಣದ ಗೋಡೆಗೆ ಮುಖ ಮಾಡಿದ ಒಂದು ಕಿಟಕಿ. ಮೇಲೆ ಫ್ಯಾನ್ ಇತ್ತು, ಹಾಕುವಂತಿರಲಿಲ್ಲ, ಹಾಳೆ ಹಾರುತ್ತಿದ್ದವು. ಬೇಸಿಗೆಯಲ್ಲಿ ಇಬ್ಬರೂ ಬೆವರು ಒರೆಸಿಕೊಳ್ಳುತ್ತ, ಅವಳು ಓದುವುದು, ಅವರು ಮರದ ಅಡಿಪಟ್ಟಿಯನ್ನು ಸಾಲಿಂದ ಸಾಲಿಗೆ ಇಳಿಸುತ್ತ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕುವುದು. ಇಪ್ಪತ್ತಮೂರು ವರ್ಷ.

ಅವಳು ಸೇರಿದ್ದು ಇಪ್ಪತ್ತನೆಯ ವಯಸ್ಸಿನಲ್ಲಿ. ಅಪ್ಪ ಅದೇ ಮುದ್ರಣಾಲಯದಲ್ಲಿ ಪುಸ್ತಕ ಹೊಲಿಯುತ್ತಿದ್ದ. ಅವನು ಹೋದ ಮೇಲೆ ಆ ಮನೆಗೆ ಒಂದು ಕೆಲಸ ಕೊಡಬೇಕೆಂದು ಮೇಲಿನವರು ಅಂದುಕೊಂಡರು. ಸೂಜಿ ಹಿಡಿಯಲು ಅವಳಿಗೆ ಬರುತ್ತಿರಲಿಲ್ಲ, ಓದಲು ಬರುತ್ತಿತ್ತು. ಅಷ್ಟೇ ಸಾಕಾಯಿತು. ಆಗ ಅಲ್ಲಿ ಇಂಗ್ಲಿಷಿನಿಂದ ನಮ್ಮ ಮಾತಿಗೆ ಒಂದು ದೊಡ್ಡ ನಿಘಂಟಿನ ಕೆಲಸ ನಡೆಯುತ್ತಿತ್ತು. ಅವಳ ಇಂಗ್ಲಿಷ್ ಅಷ್ಟಕ್ಕಷ್ಟೆ. ಹಾಗಾಗಿ ಒಂದೊಂದು ಪದವನ್ನೂ ಅಕ್ಷರ ಬಿಡಿಸಿ ಓದುತ್ತಿದ್ದಳು. ಅವಸರದಲ್ಲಿ ಒಂದಕ್ಷರ ಹಾರಿದರೆ ಮಾಸ್ತರು ತಲೆ ಎತ್ತದೆಯೇ ಹೇಳುತ್ತಿದ್ದರು: "ಅಕ್ಷರ ನುಂಗಬೇಡಿ. ಊಟಕ್ಕೆ ಇನ್ನೂ ಹೊತ್ತಿದೆ."

ನಿಘಂಟು ಮುಗಿಯಲು ಹನ್ನೊಂದು ವರ್ಷ ಹಿಡಿಯಿತು. ಇಡೀ ಭಾಷೆಯನ್ನು ಅಕ್ಷರ ಅಕ್ಷರವಾಗಿ ಓದಿದವಳಿಗೆ ಭಾಷೆ ಬಾರದೆ ಇರುತ್ತದೆಯೆ? ಯಾರೂ ಕಲಿಸಲಿಲ್ಲ, ಅದು ಬಂತು. ಮಾತನಾಡಲು ಹೋದರೆ ನಾಲಿಗೆ ತೊದಲುತ್ತಿತ್ತು, ಆದರೆ ಕಾಗದದ ಮೇಲಿನ ಇಂಗ್ಲಿಷ್ ಅವಳ ಕಣ್ಣು ತಪ್ಪಿಸಿಕೊಂಡು ಹೋಗುತ್ತಿರಲಿಲ್ಲ.

ಆಮೇಲೆ ಐದು ವರ್ಷ ಪಠ್ಯಪುಸ್ತಕ, ಕಾನೂನಿನ ಪುಸ್ತಕ, ಔಷಧಿ ಕಂಪನಿಯ ಚೀಟಿಗಳು. ಮತ್ತೆ ನಿಘಂಟಿನ ಎರಡನೆಯ ಪರಿಷ್ಕರಣೆ ಶುರುವಾಯಿತು. ಮತ್ತೆ ಮೊದಲ ಅಕ್ಷರದಿಂದ. ಆ ಸಲ ಮೊದಲ ತಿಂಗಳಲ್ಲೇ ಮಾಸ್ತರಿಗೂ ಸಂಪಾದಕರಿಗೂ ಜಟಾಪಟಿಯಾಯಿತು. ಅಸೆಸ್, ಅಪ್ರೈಸ್, ಮುಂದೆ ಬರಲಿರುವ ಎಸ್ಟಿಮೇಟ್, ಇವ್ಯಾಲ್ಯುಯೇಟ್, ಈ ನಾಲ್ಕಕ್ಕೂ ಸಂಪಾದಕರು ಒಂದೇ ಮಾತು ಬರೆಯಬೇಕೆಂದಿದ್ದರು: ಮೌಲ್ಯಮಾಪನ ಮಾಡು. ಮಾಸ್ತರಿಗೆ ಮೈಯೆಲ್ಲ ಉರಿಯಿತು.

"ನಾಲ್ಕು ಜನಕ್ಕೆ ಒಂದೇ ಅಂಗಿ ಹೊಲಿಸಿದ ಹಾಗಾಯ್ತು" ಎಂದರು ಅವಳ ಮುಂದೆ. "ಎಸ್ಟಿಮೇಟ್ ಅಂದ್ರೆ ಕಣ್ಣಳತೆ, ಅಂದಾಜು. ಅಸೆಸ್ ಅಂದ್ರೆ ಎಷ್ಟು ಹಾನಿ ಆಯ್ತು, ಎಷ್ಟು ಹೊಣೆ ಬಿತ್ತು ಅಂತ ಕೂತು ತೂಗೋದು. ಇವ್ಯಾಲ್ಯುಯೇಟ್ ಅಂದ್ರೆ ಗುಣ ದೋಷ ಎರಡೂ ನೋಡಿ ಒಂದು ಮಾತು ಹೇಳೋದು. ಈ ಅಪ್ರೈಸ್‌ಗೇ ಸರಿಯಾದ ಮಾತು ಸಿಗ್ತಿಲ್ಲ."

ಸ್ವಲ್ಪ ಹೊತ್ತು ಅಡಿಪಟ್ಟಿಯನ್ನು ಬೆರಳಲ್ಲಿ ಬಡಿದರು. ಆಮೇಲೆ, ಹದಿನಾರು ವರ್ಷದಲ್ಲಿ ಮೊದಲ ಸಲ, ಕೇಳಿದರು: "ನೀವೇನಂತೀರಿ?"

ಅವಳಿಗೆ ಅಪ್ಪನ ನೆನಪಾಯಿತು. ಹರಿದ ಹಳೇ ಪುಸ್ತಕ ತಂದುಕೊಟ್ಟರೆ ಅವನು ತಕ್ಷಣ ಏನೂ ಹೇಳುತ್ತಿರಲಿಲ್ಲ. ಅಂಗೈಯಲ್ಲಿಟ್ಟುಕೊಂಡು, ಬೆನ್ನು ಸವರಿ, ದಾರ ಎಳೆದು ನೋಡಿ, ಆಮೇಲೆ ಇದು ಹೊಲಿಯಲು ಯೋಗ್ಯ, ಇದು ಅಲ್ಲ ಅನ್ನುತ್ತಿದ್ದ.

"ಕೈಯಲ್ಲಿ ಹಿಡಿದು ನೋಡಿ ಬೆಲೆಕಟ್ಟೋದು" ಅಂದಳು. "ತಿಳಿದೋರು ಮಾಡೋ ಕೆಲಸ."

ಮಾಸ್ತರು ಹಾಳೆಯ ಅಂಚಿನಲ್ಲಿ ಬರೆದರು: ಬಲ್ಲವರಂತೆ ಹಿಡಿದು ನೋಡಿ ಬೆಲೆಕಟ್ಟು. ಸಂಪಾದಕರು ಗೊಣಗಿಕೊಂಡೇ ಒಪ್ಪಿದರು. ಅದು ಅಚ್ಚಾಗಿ ಬಂದ ದಿನ ಅವಳು ಆ ಸಾಲನ್ನು ಓದುವಾಗ ದನಿ ಒಂದಿಷ್ಟು ನಡುಗಿತು. ಮಾಸ್ತರು ನೀರಿನ ಲೋಟವನ್ನು ಅವಳ ಕಡೆ ಸರಿಸಿದರು. ಅಷ್ಟೇ. ಇಪ್ಪತ್ತಮೂರು ವರ್ಷದಲ್ಲಿ ಅವರ ನಡುವಿನ ಸಲಿಗೆ ಅದಕ್ಕಿಂತ ಮುಂದೆ ಹೋಗಲಿಲ್ಲ. ಅವರು ಅವಳನ್ನು 'ನೀವು' ಬಿಟ್ಟು ಬೇರೆ ರೀತಿ ಕರೆದದ್ದಿಲ್ಲ. ಅವರ ಹೆಂಡತಿ ತೀರಿಕೊಂಡಾಗ ಮೂರು ದಿನ ಬರಲಿಲ್ಲ, ನಾಲ್ಕನೆಯ ದಿನ ಬಂದು ಕೂತು, "ಎಲ್ಲಿಗೆ ನಿಲ್ಲಿಸಿದ್ವಿ?" ಅಂದರು. ಅವಳು ಪುಟ ಹೇಳಿದಳು. ಅವಳನ್ನು ಎರಡು ಸಲ ನೋಡಿ ಹೋದ ಗಂಡಿನ ಕಡೆಯವರು ಒಲ್ಲೆವು ಅಂದದ್ದು, ತಾಯಿ ಹಾಸಿಗೆ ಹಿಡಿದು ಹೋದದ್ದು, ಇದೆಲ್ಲ ಅವರಿಗೆ ಗೊತ್ತಿತ್ತೋ ಇಲ್ಲವೋ. ಕೇಳಿರಲಿಲ್ಲ. ಆದರೆ ಅವಳ ಗಂಟಲು ಕಟ್ಟಿದ ದಿನ ಅವರೇ ಎದ್ದು ಕಿಟಕಿ ಮುಚ್ಚುತ್ತಿದ್ದರು.

ಪರಿಷ್ಕರಣೆಯ ಮೂರನೆಯ ವರ್ಷದಲ್ಲಿ ಅವಳಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಅವಳು ಹನ್ನೆರಡನೆಯ ಸಾಲು ಓದುತ್ತಿದ್ದರೆ ಅಡಿಪಟ್ಟಿ ಹದಿನಾಲ್ಕರ ಕೆಳಗಿತ್ತು. ಮೊದಲು ಆಯಾಸ ಅಂದುಕೊಂಡಳು. ಆಮೇಲಾಮೇಲೆ ಎದ್ದು ಕಾಣುವ ತಪ್ಪುಗಳೂ ಅವರ ಪೆನ್ಸಿಲಿನಿಂದ ಜಾರಿಹೋಗತೊಡಗಿದವು. ಹಾಳೆಯನ್ನು ಮೂಗಿಗೆ ತಾಗಿಸುವಷ್ಟು ಹತ್ತಿರ ಹಿಡಿಯುವರು. ಬಾಗಿಲಲ್ಲಿ ನಿಂತವರು ಮಾತನಾಡುವ ತನಕ ಯಾರೆಂದು ತಿಳಿಯುತ್ತಿರಲಿಲ್ಲ.

ಅವಳು ಬಾಯಿಬಿಡಲಿಲ್ಲ. ಮರುವಾರದಿಂದ ಒಂಬತ್ತರ ಬದಲು ಎಂಟಕ್ಕೆ ಬರತೊಡಗಿದಳು. ಕಸ ಗುಡಿಸುವವಳಿಂದ ಕೀಲಿ ಇಸಿದುಕೊಂಡು, ಆ ದಿನದ ಕರಡನ್ನು ಒಬ್ಬಳೇ ಪ್ರತಿಯೊಡನೆ ತಾಳೆ ನೋಡಿ, ತಪ್ಪಿದ್ದ ಸಾಲಿನ ಸಂಖ್ಯೆಗಳನ್ನು ಬಸ್ ಟಿಕೆಟ್ಟಿನ ಬೆನ್ನಿಗೆ ಬರೆದು ಅಂಗೈಯಲ್ಲಿಟ್ಟುಕೊಳ್ಳುವಳು. ಆಮೇಲೆ ಎಂದಿನಂತೆ ಓದು. ತಪ್ಪಿನ ಸಾಲು ಬಂದಾಗ ಕೆಮ್ಮಿ, "ಸರಿಯಾಗಿ ಹೇಳಲಿಲ್ಲ, ಇನ್ನೊಮ್ಮೆ ಓದ್ತೀನಿ" ಅನ್ನುವಳು. ಮಾಸ್ತರು ಭೂತಗನ್ನಡಿ ಎತ್ತಿಕೊಂಡು ಆ ಸಾಲಿನ ಮೇಲೆ ಬಗ್ಗುವರು. ಸ್ವಲ್ಪ ಹೊತ್ತಾದ ಮೇಲೆ, "ಹಾಂ, ಸಿಕ್ತು."

ಹೀಗೆ ನಾಲ್ಕು ವರ್ಷ. ಅವರಿಗೆ ಇದು ತಿಳಿದಿದೆ, ತಿಳಿದೂ ಸುಮ್ಮನಿದ್ದಾರೆ ಎಂದೇ ಅವಳು ನಂಬಿದ್ದಳು. ಆ ಮೌನದಲ್ಲಿ ಅವಳಿಗೊಂದು ಸುಖವಿತ್ತು. ಹೇಳಿಕೊಳ್ಳಬೇಕಾಗಿಲ್ಲದ ಒಂದು ನಂಟು ತನಗೂ ಇದೆ ಎಂಬಂತೆ. ತಂಗಿಗೆ ಮಾತ್ರ ಹೇಳಿದ್ದಳು. ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ತಂಗಿ ಬಾಯಲ್ಲಿದ್ದ ಗುಂಡುಸೂಜಿ ತೆಗೆದು ಹೇಳಿದಳು: "ನೀನು ಅವರ ಕಣ್ಣಾಗಿದ್ದೀಯ. ಅವರು ನಿನಗೇನಾಗಿದ್ದಾರೆ?"

ಆ ವರ್ಷ ಮುದ್ರಣಾಲಯದ ಆಡಳಿತ ಬದಲಾಯಿತು. ಹೊಸಬರು ಒಬ್ಬ ಅಧಿಕಾರಿಣಿಯನ್ನು ಕಳಿಸಿದರು. ಚಿಕ್ಕ ವಯಸ್ಸು, ಒಳ್ಳೆಯ ಮಾತು, ಕಂಕುಳಲ್ಲಿ ಫಾರಂಗಳ ಕಟ್ಟು. ಎರಡೇ ದಿನದಲ್ಲಿ ಅವಳು ಫಾರಂ ಮೇಡಂ ಆದಳು. ಪ್ರತಿಯೊಬ್ಬರೂ ತಮ್ಮ ಕೆಲಸದ ಬಗ್ಗೆ ತಾವೇ ಬರೆದುಕೊಡಬೇಕು, ಅವರ ಮೇಲಿನವರು ಇನ್ನೊಂದು ಫಾರಂ ತುಂಬಬೇಕು. ತಲೆಬರಹದಲ್ಲಿ ಅಸೆಸ್‌ಮೆಂಟ್, ಒಳಗೆ ಇವ್ಯಾಲ್ಯುಯೇಷನ್, ಕೆಳಗೆ ಸಹಿ ಮಾಡುವ ಕಡೆ ಅಪ್ರೈಸಲ್. ವಿರಾಮಕ್ಕ ಅದನ್ನು ಮಾಸ್ತರಿಗೆ ಓದಿ ಹೇಳಿ, "ನೋಡಿ, ಇವರೂ ಒಂದೇ ಅಂಗಿ ಹೊಲಿಸಿದಾರೆ" ಎಂದಳು. ಮಾಸ್ತರು ನಗಲಿಲ್ಲ. ಫಾರಂನ ಅಂಚನ್ನು ಮಡಚುತ್ತ, ಬಿಚ್ಚುತ್ತ ಕೂತಿದ್ದರು.

ವಿರಾಮಕ್ಕನನ್ನು ಕರೆದು ಕೇಳಿದ ದಿನ ಫಾರಂ ಮೇಡಂ ಕುರ್ಚಿ ಕೊಟ್ಟು ಕೂರಿಸಿದಳು.

"ನಿಮ್ಮ ಕೆಲಸ ಏನು ಅಂತ ಸ್ವಲ್ಪ ಬಿಡಿಸಿ ಹೇಳ್ತೀರಾ?"

"ಓದ್ತೀನಿ."

"ಓದಿ?"

"ಮುಂದಿನ ಪುಟ ಓದ್ತೀನಿ."

ಫಾರಂ ಮೇಡಂ ನಕ್ಕಳು. ಬೇಸರವಾಗುವ ನಗುವಲ್ಲ. "ಈಗ ಕಂಪ್ಯೂಟರೇ ಕಾಗುಣಿತ ನೋಡತ್ತಲ್ಲ. ಅದು ಬಿಟ್ಟು ನಿಮ್ಮಿಂದ ಮಾತ್ರ ಆಗೋದು ಏನಾದ್ರೂ ಇದ್ರೆ ಹೇಳಿ, ಬರ್ಕೋತೀನಿ."

ಎಂಟು ಗಂಟೆಯ ವಿಷಯ ಗಂಟಲ ತನಕ ಬಂತು. ಹೇಳಿದರೆ ಮಾಸ್ತರ ಕಣ್ಣಿನ ಮಾತು ಬರುತ್ತದೆ. ಅವರ ನಿವೃತ್ತಿಗೆ ಇನ್ನೂ ಹತ್ತು ತಿಂಗಳಿತ್ತು. "ಏನಿಲ್ಲ" ಅಂದಳು. ನನ್ನ ಬಗ್ಗೆ ಹೇಳಬೇಕಾದ್ದನ್ನು ಮಾಸ್ತರೇ ಬರೆಯುತ್ತಾರೆ, ನಾನೇ ಹೇಳಿಕೊಂಡರೆ ಚೆನ್ನಾಗಿರುವುದಿಲ್ಲ, ಎಂದು ಅವಳ ಮನಸ್ಸಿನಲ್ಲಿತ್ತು.

ಮೂರು ವಾರಕ್ಕೆ ಕರೆ ಬಂತು. ಕರಡು ಓದುವವರ ಹುದ್ದೆಯನ್ನು ರದ್ದು ಮಾಡಲಾಗಿದೆ, ಈ ತಿಂಗಳ ಕೊನೆಗೆ ಬಿಡುಗಡೆ, ಆಕ್ಷೇಪಣೆ ಇದ್ದರೆ ಮೂವತ್ತು ದಿನದೊಳಗೆ. ಗುಮಾಸ್ತರು ಸಹಿ ಹಾಕಲು ಕಡತವನ್ನು ಅವಳ ಮುಂದೆ ತಳ್ಳಿ, ಟಪಾಲು ಬಂತೆಂದು ಎದ್ದು ಹೋದರು. ಕಡತದಲ್ಲಿ ಅವಳ ಫಾರಂನ ಕೆಳಗೆ ಮಾಸ್ತರ ಫಾರಂ ಪೋಣಿಸಿತ್ತು.

ಆ ಕೈಬರಹ ಅವಳಿಗೆ ತನ್ನ ಅಂಗೈಯಷ್ಟೇ ಪರಿಚಯ. ಇಂಗ್ಲಿಷಿನಲ್ಲಿ ಬರೆದಿದ್ದರು. ಇವರು ಗಟ್ಟಿಯಾಗಿ ಓದುತ್ತಾರೆ. ಸಮಯಕ್ಕೆ ಸರಿಯಾಗಿ ಬರುತ್ತಾರೆ. ಈಗಿನ ಕೆಲಸದಲ್ಲಿ ಇವರಿಗೆ ಹೆಚ್ಚಿನ ಬೆಲೆಯಿಲ್ಲ. ಇವರಿಲ್ಲದೆಯೂ ಕೆಲಸಕ್ಕೆ ಕುಂದುಂಟಾಗದು. ಬೆಲೆಯಿಲ್ಲ ಎಂಬಲ್ಲಿ, ಆಫ್ ಲಿಟಲ್ ವ್ಯಾಲ್ಯೂ. ಮೂರೇ ಪದ. ಮೂರನ್ನೂ ಅವಳು ಮೊದಲ ನಿಘಂಟಿನಲ್ಲಿ ಅವರೆದುರೇ ಅಕ್ಷರ ಬಿಡಿಸಿ ಓದಿದ್ದಳು.

ಸಾಲು ವಾಲಿ ಕೆಳಗಿಳಿದಿತ್ತು. ಕೊನೆಯ ಪದದಲ್ಲಿ ಒಂದಕ್ಷರ ಬಿಟ್ಟುಹೋಗಿತ್ತು. ಅವಳ ಕೈ ತನ್ನಷ್ಟಕ್ಕೇ ಪೆನ್ಸಿಲಿಗೆ ಹೋಯಿತು, ಅಲ್ಲೇ ನಿಂತಿತು. ಗುಮಾಸ್ತರು ಬರುವಷ್ಟರಲ್ಲಿ ಸಹಿ ಹಾಕಿಟ್ಟಿದ್ದಳು.

ಅವಳು ಆ ತಿಂಗಳ ಕೊನೆಯ ತನಕ ಓದಿದಳು. ಎಂಟಕ್ಕೇ ಬಂದು, ಚೀಟಿ ಬರೆದುಕೊಂಡು, ಕೆಮ್ಮಿ, ಹಾಗೆಯೇ. ಇಬ್ಬರಲ್ಲಿ ಒಬ್ಬರೂ ಆ ವಿಷಯ ಎತ್ತಲಿಲ್ಲ. ಕೊನೆಯ ದಿನ ಸಂಜೆ ಅವಳು ತನ್ನ ಲೋಟ, ಕುರ್ಚಿಯ ಮೇಲಿನ ದಿಂಬು ಚೀಲಕ್ಕೆ ತುಂಬಿಕೊಂಡಾಗ ಮಾಸ್ತರು ಅಡಿಪಟ್ಟಿ ಹಿಡಿದು ಹಾಳೆಯನ್ನೇ ನೋಡುತ್ತಿದ್ದರು. ಆ ಬೆಳಕಿನಲ್ಲಿ ಅವರಿಗೆ ಏನೂ ಕಾಣುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಬರ್ತೀನಿ ಮಾಸ್ತರೆ."

"ಹೂಂ" ಅಂದರು.

ಮನೆಯಲ್ಲಿ ತಂಗಿ ಹಾರಾಡಿದಳು. "ಮೂವತ್ತು ದಿನ ಕೊಟ್ಟಿದಾರಲ್ಲ, ಹೋಗಿ ಇದ್ದದ್ದು ಇದ್ದ ಹಾಗೆ ಹೇಳು. ಆ ಮನುಷ್ಯನಿಗೆ ಕಣ್ಣು ಕಾಣಲ್ಲ ಅನ್ನು." ವಿರಾಮಕ್ಕ ಹೋಗಲಿಲ್ಲ. ಬೆಳಗ್ಗೆ ಆರಕ್ಕೇ ಎದ್ದು, ಸ್ನಾನ ಮಾಡಿ, ತಲೆ ಬಾಚಿ, ಹೊರಡುವ ಸೀರೆ ಉಟ್ಟು, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದಳು. ತಂಗಿಯ ಗಿರಾಕಿಗಳು ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು. ದಿನಕ್ಕೆ ಏಳು ತಾಸು ಗಟ್ಟಿಯಾಗಿ ಓದಿದ ಗಂಟಲು. ಎರಡು ವಾರ ಸುಮ್ಮನಿದ್ದದ್ದಕ್ಕೆ ದನಿ ಒಡೆದು ಹೋಯಿತು. ಹಾಲು ತಂದುಕೊಡುವವನಿಗೆ 'ನಾಳೆ ಬೇಡ' ಅನ್ನಲೂ ಕೆಮ್ಮಬೇಕಾಗುತ್ತಿತ್ತು. ಅಳು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು ಎಂದು ತಂಗಿಗೇ ಅನ್ನಿಸಿತು.

ಎರಡನೆಯ ತಿಂಗಳಲ್ಲಿ ಬೈಂಡಿಂಗ್ ವಿಭಾಗದ ಗೆಳತಿಯೊಬ್ಬಳು ಹೊಸದಾಗಿ ಅಚ್ಚಾದ ಒಂದು ಮಡಿಕೆ ಹಾಳೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದಳು. ಮೂವತ್ತೆರಡು ಪುಟ. "ಸಂಪಾದಕರು ಕೂಗಾಡ್ತಿದಾರೆ. ಏನಾಗಿದೆ ನೋಡು" ಅಂದಳು. ವಿರಾಮಕ್ಕ ಓದುತ್ತ ಹೋದಳು. ಪುಟಕ್ಕೆ ಎರಡು ಮೂರು ತಪ್ಪು. ಹದಿನೇಳನೆಯ ಪುಟದಲ್ಲಿ ಇನ್‌ವ್ಯಾಲ್ಯುಯಬಲ್ ಎಂಬ ಪದ. ಬೆಲೆ ಕಟ್ಟಲು ಸಾಧ್ಯವೇ ಇಲ್ಲದ, ಎಂದಿರಬೇಕಾದಲ್ಲಿ ನಡುವಿನ ಎರಡು ಮಾತು ಬಿದ್ದುಹೋಗಿ 'ಬೆಲೆ ಇಲ್ಲದ' ಎಂದು ಅಚ್ಚಾಗಿತ್ತು.

ಗೆಳತಿ ನಗೆಯಾಡಿದಳು. ವಿರಾಮಕ್ಕನಿಗೆ ನಗು ಬರಲಿಲ್ಲ. ಆ ಕೋಣೆಯಲ್ಲಿ ಒಬ್ಬರೇ ಕೂತು, ಒಂದು ಕಣ್ಣಿಗೆ ಭೂತಗನ್ನಡಿ ಒತ್ತಿಕೊಂಡು, ಪ್ರತಿಗೂ ಕರಡಿಗೂ ತಲೆ ತಿರುಗಿಸಿ ತಿರುಗಿಸಿ ಸಾಲು ತಪ್ಪುತ್ತಿರುವ ಮಾಸ್ತರು ಅವಳ ಕಣ್ಣೆದುರು ಬಂದರು. ಸರಿಯಾಗಿಯೇ ಆಯಿತು ಎಂದು ಒಂದು ಕ್ಷಣ ಅನ್ನಿಸಿತು. ಮರುಕ್ಷಣ ಆ ಹಾಳೆಯನ್ನು ಮಡಚಿ ಗೆಳತಿಗೆ ಹಿಂದಕ್ಕೆ ಕೊಟ್ಟಳು.

ಆ ಭಾನುವಾರ ಮಧ್ಯಾಹ್ನ ಮೆಟ್ಟಿಲ ಮೇಲೆ ಯಾರೋ ಎಡವಿದ ಸದ್ದಾಯಿತು. ತಂಗಿ ಬಾಗಿಲು ತೆಗೆದರೆ ಮಾಸ್ತರು. ಒಂದು ಕೈ ಗೋಡೆಯ ಮೇಲೆ, ಒಂದು ಕೈಯಲ್ಲಿ ಕೊಡೆ. ಇಪ್ಪತ್ತಮೂರು ವರ್ಷದಲ್ಲಿ ಆ ಮನೆಗೆ ಅದೇ ಮೊದಲ ಸಲ.

"ಅವರಿದಾರಾ?" ಎಂದು ತಂಗಿಯನ್ನು ಕೇಳಿದರು. ವಿರಾಮಕ್ಕ ಎರಡು ಮಾರು ದೂರದಲ್ಲೇ ನಿಂತಿದ್ದಳು.

"ಇಲ್ಲೇ ಇದೀನಿ ಮಾಸ್ತರೆ."

ದನಿ ಕೇಳಿ ಅವರ ಮುಖ ಆ ಕಡೆ ತಿರುಗಿತು. ತಂಗಿ ಕುರ್ಚಿಯನ್ನು ಸದ್ದು ಮಾಡಿ ಎಳೆದಿಟ್ಟು, ಯಂತ್ರದ ಮುಂದೆ ಕೂತು, ಬೇಕೆಂದೇ ಜೋರಾಗಿ ತುಳಿಯತೊಡಗಿದಳು. ಆಮೇಲೆ ನಿಲ್ಲಿಸಿದಳು. ಅವಳಿಗೂ ಕೇಳಬೇಕಿತ್ತು.

ಮಾಸ್ತರು ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದರು. "ಓದಿ" ಅಂದರು.

ಈ ಸಲ ಇಂಗ್ಲಿಷಿನಲ್ಲಿ ಬರೆದಿರಲಿಲ್ಲ. ಸಾಲುಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು. ಅವಳು ಕಿಟಕಿಯ ಬೆಳಕಿಗೆ ಹಿಡಿದು, ಬಿಡಿಸಿ ಬಿಡಿಸಿ ಓದಿದಳು. ಅಭ್ಯಾಸ ತಪ್ಪಲಿಲ್ಲ. "ನನ್ನ ಕೈಕೆಳಗೆ ಕೆಲಸ ಮಾಡುತ್ತಿದ್ದವರ ಬಗ್ಗೆ ನಾನು ಕೊಟ್ಟ ಅಭಿಪ್ರಾಯ ಸುಳ್ಳು ಪೂರ್ಣವಿರಾಮ ನಾಲ್ಕು ವರ್ಷದಿಂದ ನನಗೆ ದೃಷ್ಟಿ ಇಲ್ಲ ಅಲ್ಪವಿರಾಮ ನನ್ನ ಹೆಸರಿನಲ್ಲಿ ನಡೆದ ತಿದ್ದುಪಡಿ ಎಲ್ಲ ಅವರದು ಪೂರ್ಣವಿರಾಮ ಅವರನ್ನು ಮರಳಿ ತೆಗೆದುಕೊಳ್ಳಬೇಕು ಅಲ್ಪವಿರಾಮ ನನ್ನ ತೀರ್ಪನ್ನು ನಾನು ಹಿಂದಕ್ಕೆ ತೆಗೆದುಕೊಂಡಿದ್ದೇನೆ ಪೂರ್ಣವಿರಾಮ." ಕೆಳಗೆ ಸಹಿ.

"ನಿಮಗೆ ಗೊತ್ತಿತ್ತು" ಅಂದಳು ಅವಳು.

"ಮೊದಲ ವಾರದಿಂದ. ನೀವು ಕೆಮ್ಮೋ ಹೆಂಗಸಲ್ಲ."

"ಗೊತ್ತಿದ್ದೂ ಹಾಗೆ ಬರೆದ್ರಿ."

ಮಾಸ್ತರು ಕೊಡೆಯ ಹಿಡಿಯನ್ನು ತಿರುಗಿಸುತ್ತ ಕೂತರು. "ನೀವು ಬೇಕೇ ಬೇಕು ಅಂತ ಬರೆದಿದ್ರೆ, ಯಾತಕ್ಕೆ ಬೇಕು ಅಂತ ಕೇಳ್ತಿದ್ರು. ಓದೋಕೊಬ್ರು ಯಾಕೆ ಅಂತ ಕೇಳಿದ್ರೆ ನಾನೇನು ಹೇಳ್ಲಿ? ಹತ್ತು ತಿಂಗಳು ಇತ್ತು ನನಗೆ. ಭಯ ಆಯ್ತು."

"ಅಷ್ಟು ಬರೆದಿದ್ರೆ ಸಾಕಿತ್ತು. ಕೆಲಸಕ್ಕೆ ಬೇಡ ಅಂತ. ಬೆಲೆಯಿಲ್ಲ ಅಂತ ಯಾಕೆ ಬರೆದ್ರಿ?"

ಮಾಸ್ತರು ಕೊಡೆಯನ್ನು ಕುರ್ಚಿಗೆ ಒರಗಿಸಿದರು. ಕೊನೆಗೆ, "ನೀನು ಓದ್ತೀಯ ಅಂತ ಅಂದ್ಕೊಂಡಿರ್ಲಿಲ್ಲ" ಅಂದರು. ಮೊದಲ ಸಲ 'ನೀನು' ಬಂತು. ತಮಗೇ ತಿಳಿಯದೆ ಬಂದಿರಬೇಕು.

ವಿರಾಮಕ್ಕ ಕಾಗದ ಮಡಚಿದಳು. "ಇದನ್ನ ಕೊಟ್ರೆ ನಿಮ್ಮನ್ನ ಆ ದಿನವೇ ಕಳಿಸ್ತಾರೆ."

"ಈಗ ಏಳು ತಿಂಗಳಿದೆ. ಕೊಡದೆ ಇದ್ರೂ ಅಷ್ಟು ದಿನ ತಳ್ಳೋಕೆ ಆಗತ್ತೋ ಇಲ್ವೋ. ನಾನೇ ಕೊಡ್ತಿದ್ದೆ, ಧೈರ್ಯ ಸಾಲ್ತಿಲ್ಲ. ನಿಮ್ಮ ಕೈಲಿ ಇರಲಿ. ಕೊಡೋದು ಬಿಡೋದು ನಿಮಗೆ ಬಿಟ್ಟದ್ದು."

ಹಾಗೆಂದು ಎದ್ದರು. ತಂಗಿಯೇ ಕೈ ಹಿಡಿದು ಮೆಟ್ಟಿಲು ಇಳಿಸಿ ಬಂದಳು. ಬಂದು ಹೇಳಿದಳು: "ಪಾಪ ಅನ್ಸತ್ತೆ. ಆದ್ರೂ ಕೊಡು."

ನಾಲ್ಕು ದಿನ ಆ ಕಾಗದ ಬಟ್ಟೆಯ ಕಪಾಟಿನಲ್ಲಿತ್ತು. ಧೈರ್ಯ ಸಾಲದೆ ತನ್ನ ಕೈಗೆ ದಾಟಿಸಿದ್ದಾರೆ ಎಂದು ಸಿಟ್ಟು ಬರುತ್ತಿತ್ತು. ಬರೆದು ತಂದರಲ್ಲ, ಮೆಟ್ಟಿಲು ಹತ್ತಿ ಬಂದರಲ್ಲ, ಎಂದೂ ಅನ್ನಿಸುತ್ತಿತ್ತು. ಐದನೆಯ ದಿನ ಅದನ್ನು ತೆಗೆದುಕೊಂಡು ಹೊರಟಳು. ಕೆಲಸ ಸಿಗಲಿ ಅಂತ ಕೊಟ್ಟೆ ಎಂದು ಆಮೇಲೆ ತಂಗಿಯ ಮುಂದೆ ಹೇಳಿಕೊಂಡಳು. ತನ್ನೊಳಗೆ ಅವಳಿಗೆ ನಿಜ ಗೊತ್ತಿತ್ತು. ಆ ಮೂರು ಪದ ಇದ್ದ ಕಡತದಲ್ಲಿ ಈ ಕಾಗದವೂ ಇರಬೇಕು, ಅದನ್ನು ಯಾರಾದರೂ ಒಬ್ಬರು ಓದಬೇಕು ಎಂದು ಅವಳಿಗೆ ಆಸೆಯಾಗಿತ್ತು. ಒಬ್ಬರಾದರೂ.

ಫಾರಂ ಮೇಡಂ ಓದಿದಳು. ಎರಡು ಸಲ ಓದಿದಳು. ಮುಖ ಸಣ್ಣಗಾಯಿತು.

"ಅವತ್ತು ಕೇಳಿದಾಗಲೇ ಹೇಳಬಾರದಿತ್ತಾ?" ಅಂದಳು. "ನಾನು ಕೇಳಿದ್ದೆ ನಿಮ್ಮನ್ನ."

"ಕೇಳಿದ್ರಿ."

"ಮೂವತ್ತು ದಿನ ಮುಗಿದುಹೋಯ್ತು. ಆ ಹುದ್ದೇನೇ ಈಗಿಲ್ಲ. ಮರುಪರಿಶೀಲನೆಗೆ ಕಳಿಸ್ತೀನಿ, ಆದ್ರೆ ಆಸೆ ಇಟ್ಕೋಬೇಡಿ. ಇದರ ವಿಷಯ ಮಾತ್ರ ನಾನು ಮೇಲಕ್ಕೆ ತಿಳಿಸಲೇಬೇಕಾಗತ್ತೆ."

ತಿಳಿಸಿದಳು. ಮೂರನೆಯ ದಿನ ಮಾಸ್ತರನ್ನು ಕಣ್ಣಿನ ಪರೀಕ್ಷೆಗೆ ಕಳಿಸಿದರು, ವಾರದೊಳಗೆ ಬಿಡುಗಡೆ ಮಾಡಿದರು. ಪೂರ್ಣ ಅವಧಿ ಮುಗಿಸಿದವರಿಗೆ ಮಾಡುವ ಬೀಳ್ಕೊಡುಗೆ ಸಭೆ ಮಾಡಲಿಲ್ಲ. ಹಾಜರಿ ಗುಮಾಸ್ತರು ರಿಕ್ಷಾದ ತನಕ ಕೈ ಹಿಡಿದು ಕರೆದುಕೊಂಡು ಹೋದರಂತೆ. ವಿರಾಮಕ್ಕನಿಗೆ ಎರಡು ಸಾಲಿನ ಉತ್ತರ ಬಂತು, ಹುದ್ದೆ ಇಲ್ಲ ಎಂದು. ನಿಘಂಟಿನ ಕೆಲಸವನ್ನೂ ಮರುಪರಿಶೀಲಿಸಿ ಅರ್ಧಕ್ಕೇ ನಿಲ್ಲಿಸಿದರು.

ಅವಳು ಹತ್ತು ದಿನ ತಡೆದು ಮಾಸ್ತರ ಮನೆಗೆ ಹೋದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಳು, ಒಂದೂ ನಿಲ್ಲಲಿಲ್ಲ. ಬಾಗಿಲು ತೆಗೆದವರು ಅವರ ಅಕ್ಕ. ಹೆಂಡತಿ ಹೋದ ಮೇಲೆ ಮನೆ ನೋಡಿಕೊಳ್ಳುತ್ತಿದ್ದವರು. ವಿರಾಮಕ್ಕ ತಾನು ಯಾರೆಂದು ಹೇಳಿದಳು. ಒಳಗೆ ಕುರ್ಚಿ ಸರಿದ ಸದ್ದು ಕೇಳಿತು, ಆಮೇಲೆ ಒಂದು ಬಾಗಿಲು ಮುಚ್ಚಿತು.

ಅಕ್ಕ ಒಳಗೆ ಹೋಗಿ ಬಂದರು. ಹೊಸ್ತಿಲಲ್ಲೇ ನಿಂತು ದನಿ ತಗ್ಗಿಸಿ ಹೇಳಿದರು: "ತಪ್ಪು ತಿಳ್ಕೋಬೇಡಮ್ಮ. ಅವನಿಗೆ ನಿನ್ನ ಮೇಲೆ ಕೋಪ ಇಲ್ಲ. ಕೊಟ್ಟಿದ್ದು ಸರಿ ಅಂತಾನೆ. ಆದ್ರೆ ನಿನ್ನ ದನಿ ಕೇಳೋಕಾಗಲ್ಲ ಅಂತಾನೆ. ಇನ್ನೊಂದಿಷ್ಟು ದಿನ ಹೋಗ್ಲಿ."

"ಸರಿ" ಎಂದಷ್ಟೇ ಅಂದಳು, ಅದೂ ಪಿಸುದನಿಯಲ್ಲಿ. ಒಳಗೆ ಕೇಳಿಸಬಾರದಲ್ಲ.

ಇನ್ನೊಂದಿಷ್ಟು ದಿನ ಹೋದವು. ಅವಳಿಗೆ ಒಂದು ಚಿಕಿತ್ಸಾಲಯದಲ್ಲಿ ಸರದಿ ಬಂದ ರೋಗಿಗಳ ಹೆಸರು ಕೂಗುವ ಕೆಲಸ ಸಿಕ್ಕಿತು. ಸ್ಪಷ್ಟವಾದ ದನಿ, ಒಂದು ಹೆಸರೂ ತಪ್ಪುವುದಿಲ್ಲ ಎಂದು ಅಲ್ಲಿಯ ವೈದ್ಯರು ಮೆಚ್ಚಿದರು. ಎರಡು ಸಲ ಮಾಸ್ತರ ಬೀದಿಯ ತನಕ ಹೋಗಿ ತಿರುಗಿ ಬಂದಳು. ಆ ಕೆಲಸಕ್ಕೆ ಸೇರಿದ ಹನ್ನೊಂದನೆಯ ತಿಂಗಳಲ್ಲಿ ಬೈಂಡಿಂಗ್ ಗೆಳತಿ ಚಿಕಿತ್ಸಾಲಯದ ಬೆಂಚಿನ ಮೇಲೆ ಬಂದು ಕೂತಳು. ರೋಗಿಗಳ ಸಾಲು ಮುಗಿಯುವ ತನಕ ಕಾದು, ಆಮೇಲೆ ಹೇಳಿದಳು. ಮಾಸ್ತರು ಹೋಗಿ ಆಗಲೇ ಆರು ದಿನವಾಗಿತ್ತು. ಗುಮಾಸ್ತರಿಗೇ ತಡವಾಗಿ ತಿಳಿದದ್ದು.

ತಿಂಗಳು ಕಳೆದ ಮೇಲೆ ಮಾಸ್ತರ ಅಕ್ಕ ಹೇಳಿ ಕಳಿಸಿದರು. ವಿರಾಮಕ್ಕ ಕೆಲಸ ಮುಗಿಸಿ ಮಧ್ಯಾಹ್ನ ಹೋದಳು. ಮಾಸ್ತರು ಏನಾದರೂ ಬಿಟ್ಟು ಹೋಗಿರಬಹುದು, ಒಂದು ಚೀಟಿ, ಒಂದು ಮಾತು, ಎಂದು ಅಂದುಕೊಂಡಿದ್ದಳು. ಏನೂ ಇರಲಿಲ್ಲ. ಅಕ್ಕ ಅವಳನ್ನು ಒಳಗೆ ಕರೆದು, ಕಿಟಕಿಯ ಪಕ್ಕ ಕೂರಿಸಿ, ಚಹಾ ತಂದುಕೊಟ್ಟರು. ಅವರಿಗೆ ಎಪ್ಪತ್ತರ ಹತ್ತಿರ.

"ಮನೇಲಿ ಅವನು ಮಾತೇ ಆಡ್ತಿರ್ಲಿಲ್ಲ" ಅಂದರು. "ಇಡೀ ದಿನ ನೀವಿಬ್ಬರೂ ಒಂದೇ ಕೋಣೇಲಿ ಇದ್ರಂತಲ್ಲ, ಇಪ್ಪತ್ತು ಮೂವತ್ತು ವರ್ಷ. ಅವನು ಅಲ್ಲಿ ಹೇಗಿರ್ತಿದ್ದ, ಏನು ಮಾತಾಡ್ತಿದ್ದ? ಹೇಳೋಕೆ ಇನ್ಯಾರೂ ಇಲ್ಲ ನನಗೆ."

ವಿರಾಮಕ್ಕ ಲೋಟ ಕೆಳಗಿಟ್ಟಳು. ಎಲ್ಲಿಂದ ಶುರು ಮಾಡಬೇಕೆಂದು ಯೋಚಿಸಿ, "ನಾನು ಸೇರಿದಾಗ ಅವರಿಗೆ ತಲೆ ತುಂಬ ಕೂದಲಿತ್ತು" ಎಂದಳು. ಮುಂದಿನ ಮಾತಿಗೆ ಬಾಯಿ ತೆರೆದಳು. ಒಂದೂವರೆ ವರ್ಷ ಬಾರದ ಅಳು ಆಗ ಬಂತು. ಅಕ್ಕ ಏನನ್ನೂ ಕೇಳದೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಅವಳ ಮೊಣಕೈ ಹಿಡಿದು ಕೂತರು. ಚಹಾದ ಮೇಲೆ ಕೆನೆ ಕಟ್ಟಿತು. ಬೀದಿಯಲ್ಲಿ ಶಾಲೆ ಬಿಟ್ಟ ಮಕ್ಕಳು ಗಲಾಟೆ ಮಾಡುತ್ತ ಹೋದರು. ಬಹಳ ಹೊತ್ತಾದ ಮೇಲೆ ಅವಳು ಮುಖ ಒರೆಸಿಕೊಂಡು, ಮಾಸ್ತರು ಸಂಪಾದಕರ ಜತೆ ಜಗಳವಾಡಿದ ದಿನದ ಕತೆ ಹೇಳಲು ತೊಡಗಿದಳು. ಅಕ್ಕನಿಗೆ ಕಿವಿ ಸ್ವಲ್ಪ ಮಂದವಿತ್ತು, ಹಾಗಾಗಿ ಒಂದೊಂದು ಮಾತನ್ನೂ ಬಿಡಿಸಿ, ಗಟ್ಟಿಯಾಗಿ ಹೇಳಬೇಕಾಯಿತು.